ಟೆರೇಸ್ ಮೇಲೆ ಗುಲಾಬಿ: ಮೊದಲ ಸಲ ಬೆಳೆಸುವವರಿಗೆ



ಈ ಸಂಚಿಕೆಯಲ್ಲಿ ಗುಲಾಬಿ ಗಿಡ ನೆಡೋದು, ನೋಡಿಕೊಳ್ಳೋದು ಹೇಗೆ ಅಂತ ಬರೀತಾ ಇದ್ದೀವಿ. ಅದಕ್ಕೆ ಕಾರಣ ಇದೆ. ಹಾಸ್ಟೆಲ್ ಟೆರೇಸ್ ಮೇಲೆ ನಮ್ಮ ಕನ್ನಡ ಸಂಘದ 14 ಗುಲಾಬಿ ಕುಂಡಗಳಿವೆ. ಅವನ್ನು ನೆಟ್ಟು ಸಾಕಿದ ಫೈನಲ್ ಇಯರ್ ಅಣ್ಣ-ಅಕ್ಕಂದಿರು ಈ ಜೂನ್‌ನಲ್ಲಿ ಕಾಲೇಜು ಮುಗಿಸಿ ಹೋಗ್ತಾರೆ. ಆಮೇಲೆ ಉಳಿಯೋದು ಸೆಕೆಂಡ್ ಇಯರ್‌ನ ನಾವು ನಾಲ್ಕು ಜನ. ಗಿಡ ಒಣಗಿದರೆ ಕುಂಡಗಳನ್ನು ಕೆಳಗಿಳಿಸಿ ಟೆರೇಸಿಗೆ ಬೀಗ ಹಾಕ್ತೀವಿ ಅಂತ ವಾರ್ಡನ್ ಸರ್ ಮೊದಲೇ ಹೇಳಿದ್ದಾರೆ. ನವೆಂಬರ್ 1ಕ್ಕೆ ಭುವನೇಶ್ವರಿ ತಾಯಿಯ ಫೋಟೋಗೆ ಏರಿಸುವ ಹಳದಿ-ಕೆಂಪು ಹೂವು ಈ ಸಲ ಮಾರ್ಕೆಟ್‌ನಿಂದ ಬರಬಾರದು, ನಮ್ಮ ಟೆರೇಸ್‌ನಿಂದಲೇ ಇಳಿಯಬೇಕು ಅನ್ನೋದು ಸಂಘದ ಆಸೆ. ಅದಕ್ಕೆ ನಾಲ್ಕು ಜನ ಸಾಲಲ್ಲ. ಇದನ್ನು ಓದಿ ಒಂದೊಂದು ಕುಂಡದ ಜವಾಬ್ದಾರಿ ತಗೊಳ್ಳೋರು ಬೇಕು. ರೂಮ್ ಮುಂದೆ, ಪಿಜಿ ಬಾಲ್ಕನಿಯಲ್ಲಿ, ಊರಿನ ಮನೆಯಲ್ಲಿ ಸ್ವಂತಕ್ಕೆ ಬೆಳೆಸೋರಿಗೂ ಇದೇ ಪಾಠ ಸಾಕಾಗುತ್ತೆ.

ಮೊದಲು ಒಂದು ವಿಷಯ. ನರ್ಸರಿಯಿಂದ ತಂದ ಗುಲಾಬಿ ಎರಡು ತಿಂಗಳಲ್ಲಿ ಯಾಕೆ ಸಾಯುತ್ತೆ ಅಂತ ಯಾರನ್ನಾದ್ರೂ ಕೇಳಿ, "ನೀರು ಹಾಕೋಕೆ ಆಗ್ಲಿಲ್ಲ" ಅಂತಾರೆ. ಆದರೆ ಕುಂಡದ ಗುಲಾಬಿಗಳು ತುಂಬಾ ಸಲ ಸಾಯೋದು ನೀರು ಜಾಸ್ತಿಯಾಗಿ. ಬೇರಿಗೂ ಉಸಿರಾಟ ಇದೆ. ಎಲೆ ತಯಾರಿಸಿದ ಸಕ್ಕರೆಯನ್ನು ಬೇರು ಆಮ್ಲಜನಕದ ಸಹಾಯದಿಂದ ಸುಟ್ಟು ಶಕ್ತಿ ಮಾಡಿಕೊಳ್ಳುತ್ತೆ, ಆ ಶಕ್ತಿಯಿಂದ ಮಣ್ಣಿನ ಪೋಷಕಾಂಶ ಎಳೆದುಕೊಳ್ಳುತ್ತೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ನೀರೇ ತುಂಬಿದ್ರೆ ಗಾಳಿಗೆ ಜಾಗ ಎಲ್ಲಿ? ಆಮ್ಲಜನಕ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಬೇರು ಉಸಿರುಗಟ್ಟಿ ಕೊಳೆಯುತ್ತೆ. ಕೊಳೆತ ಬೇರು ನೀರು ಎಳೆಯಲ್ಲ, ಹಾಗಾಗಿ ಎಲೆ ಬಾಡುತ್ತೆ. ಬಾಡಿದ ಎಲೆ ನೋಡಿದವರು ಅಯ್ಯೋ ಪಾಪ ಅಂತ ಇನ್ನೊಂದು ಮಗ್ ನೀರು ಹಾಕ್ತಾರೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಅರ್ಥ ಆಗುತ್ತೆ, ಶುದ್ಧ ಪಾಸಿಟಿವ್ ಫೀಡ್‌ಬ್ಯಾಕ್. ಮುಂದೆ ಕುಂಡ, ಮಣ್ಣು, ನೀರು ಅಂತ ಏನೇ ಹೇಳಿದ್ರೂ ಅದು ಬೇರಿಗೆ ಗಾಳಿ ಸಿಗಬೇಕು ಅನ್ನೋ ಈ ಒಂದು ಮಾತಿನ ಸುತ್ತಲೇ ಇರುತ್ತೆ.

ಒಂದು ಗಿಡದಲ್ಲಿ ಎರಡು ಗಿಡ

ನರ್ಸರಿಯ ಹೈಬ್ರಿಡ್ ಗುಲಾಬಿ ಒಂದೇ ಗಿಡ ಅಲ್ಲ. ಬುಡದ ಹತ್ತಿರ ನೋಡಿ, ಗಂಟಿನ ಥರ ಒಂದು ಉಬ್ಬು ಇರುತ್ತೆ. ಅದು ಕಸಿ ಕಟ್ಟಿದ ಜಾಗ. ಕೆಳಗಿನ ಬೇರು ಕಾಡು ಜಾತಿಯದು, ಗಟ್ಟಿ, ಎಂಥ ಮಣ್ಣಿಗೂ ಹೊಂದಿಕೊಳ್ಳುತ್ತೆ. ಅದರ ತೊಗಟೆಯಲ್ಲಿ ಇಂಗ್ಲಿಷ್ ಟಿ ಅಕ್ಷರದ ಹಾಗೆ ಸೀಳಿ, ನಮಗೆ ಬೇಕಾದ ಹೂವಿನ ಗಿಡದ ಒಂದು ಕಣ್ಣನ್ನು ಕೂರಿಸಿ ಕಟ್ಟಿರ್ತಾರೆ. ಕಣ್ಣು ಅಂದ್ರೆ ಎಲೆಯ ಬುಡದಲ್ಲಿರೋ ಸಣ್ಣ ಮೊಳಕೆ. ಆ ಒಂದು ಕಣ್ಣಿನಿಂದ ಮೇಲಿನ ಇಡೀ ಗಿಡ ಬೆಳೆದಿರುತ್ತೆ.

ಇದು ಗೊತ್ತಿಲ್ಲದೆ ಆಗೋ ಅನಾಹುತ ಒಂದಿದೆ. ಗಂಟಿನ ಕೆಳಗಿನಿಂದ ಒಮ್ಮೊಮ್ಮೆ ದಪ್ಪ, ಉದ್ದ, ಹಸಿರು ಚಿಗುರು ಜೋರಾಗಿ ಬರುತ್ತೆ. ನೋಡೋಕೆ ತುಂಬಾ ಆರೋಗ್ಯವಾಗಿರುತ್ತೆ, ಎಲ್ಲರಿಗೂ ಖುಷಿ. ಆದರೆ ಅದು ಕಾಡು ಬೇರಿನ ಚಿಗುರು. ಬಿಟ್ಟರೆ ನಿಮ್ಮ ಗುಲಾಬಿಯ ಊಟ ಎಲ್ಲ ಅದೇ ತಿಂದು, ಒಂದು ವರ್ಷದಲ್ಲಿ ಮೇಲಿನ ಗಿಡವನ್ನೇ ಮುಗಿಸಿಬಿಡುತ್ತೆ. ಏಳು ಎಲೆ ಇದ್ರೆ ಕಾಡು, ಐದು ಇದ್ರೆ ಒಳ್ಳೇದು ಅಂತ ಒಂದು ಲೆಕ್ಕ ಎಲ್ಲ ಕಡೆ ಕೇಳಿಸುತ್ತೆ, ಅದನ್ನು ನಂಬಬೇಡಿ. ಎಷ್ಟೋ ಒಳ್ಳೆ ಗುಲಾಬಿಗಳಿಗೂ ಏಳು ಎಲೆ ಬರುತ್ತೆ. ಚಿಗುರು ಎಲ್ಲಿಂದ ಹೊರಟಿದೆ ಅಂತ ಮಣ್ಣು ಸರಿಸಿ ನೋಡಿ. ಗಂಟಿನ ಕೆಳಗಿದ್ದರೆ ಕತ್ತರಿಸಬೇಡಿ, ಬುಡಕ್ಕೆ ಹಿಡಿದು ಕಿತ್ತು ತೆಗೀರಿ. ಕತ್ತರಿಸಿದರೆ ಅಲ್ಲಿಂದಲೇ ನಾಲ್ಕು ಬರುತ್ತೆ.

ಯಾವ ಗಿಡ ತರಬೇಕು

ಮೊದಲ ಸಲ ಬೆಳೆಸೋರಿಗೆ ಬಟನ್ ರೋಸ್ ತಗೊಳ್ಳಿ ಅಂತ ನಾವು ಹೇಳ್ತೀವಿ. ಹೂವು ಚಿಕ್ಕದು, ಆದರೆ ಗೊಂಚಲು ಗೊಂಚಲಾಗಿ ಬರುತ್ತೆ, ಹತ್ತು ಇಂಚಿನ ಕುಂಡ ಸಾಕು, ಸಣ್ಣಪುಟ್ಟ ತಪ್ಪನ್ನು ಗಿಡವೇ ತಡ್ಕೊಳ್ಳುತ್ತೆ. ವಾಸನೆ ಬೇಕು ಅನ್ನೋರಿಗೆ ಪನ್ನೀರು ಗುಲಾಬಿ ಇದೆ. ಬೊಕೆಯಲ್ಲಿ ನೋಡೋ ಥರ ಉದ್ದ ಕಡ್ಡಿಗೆ ಒಂದೇ ದೊಡ್ಡ ಹೂವು ಬೇಕಾದರೆ ಅದು ಹೈಬ್ರಿಡ್ ಟೀ. ಈ ಗುಂಪಿನ ಮೊದಲ ಗುಲಾಬಿ ಅಂತ ಹೆಚ್ಚಿನವರು ಒಪ್ಪೋದು 1867ರಲ್ಲಿ ಫ್ರಾನ್ಸ್‌ನಲ್ಲಿ ಬಂದ 'ಲಾ ಫ್ರಾನ್ಸ್' ಅನ್ನೋ ತಳಿಯನ್ನ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಬಹಳಷ್ಟು ವರ್ಷಕ್ಕೆ ಒಂದೇ ಸಲ ಹೂ ಬಿಡ್ತಿದ್ದವು. ಚೀನಾದ ಗುಲಾಬಿಗಳ ಜೊತೆ ಸೇರಿಸಿದ ಮೇಲೆ ವರ್ಷವಿಡೀ ಬಿಡೋ ಗುಣ ಬಂತು. ನಾವು ಕತ್ತರಿಸಿದಷ್ಟೂ ಗಿಡ ಮತ್ತೆ ಹೂ ಕೊಡೋದು ಆ ಚೀನಾ ಗುಣದಿಂದ.

ಹಳದಿ ಬಗ್ಗೆ ಒಂದು ಎಚ್ಚರಿಕೆ, ಯಾಕಂದ್ರೆ ನಮಗೆ ರಾಜ್ಯೋತ್ಸವಕ್ಕೆ ಹಳದಿ ಬೇಕೇ ಬೇಕು. ಗಾಢ ಹಳದಿ ಬಣ್ಣ ಹೊಸ ಕಾಲದ ಗುಲಾಬಿಗಳಿಗೆ ಬಂದಿದ್ದು ಪಶ್ಚಿಮ ಏಷ್ಯಾದ ರೋಸಾ ಫೀಟಿಡಾ ಅನ್ನೋ ಕಾಡು ಜಾತಿಯಿಂದ. ಫ್ರಾನ್ಸ್‌ನ ಪರ್ನೆ-ದ್ಯೂಷೆ ಅನ್ನೋರು ಅದನ್ನು ಬಳಸಿ 1900ರಲ್ಲಿ 'ಸೊಲೇ ದೋರ್' ತಳಿ ತಂದರು. ಬಣ್ಣದ ಜೊತೆ ಆ ಜಾತಿಯ ದೌರ್ಬಲ್ಯವೂ ಬಂತು: ಕಪ್ಪು ಚುಕ್ಕೆ ರೋಗ. ಹಾಗಾಗಿ ನಮ್ಮ ಟೆರೇಸ್‌ನಲ್ಲಿ ಕೆಂಪು ಗಿಡಗಳು ಹುಡುಗಾಟದಲ್ಲಿ ಬೆಳೆಯುತ್ತವೆ, ಹಳದಿಗೆ ಮಾತ್ರ ದಿನಾ ಕಣ್ಣಿಡಬೇಕು.

ಬೆಂಗಳೂರಿನಲ್ಲಿರೋರಿಗೆ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿ ಸಾಲು ಇದೆ, ಒಂದು ಭಾನುವಾರ ಬೆಳಿಗ್ಗೆ ಹೋಗಿ ಬನ್ನಿ. ಬೇರೆ ಊರುಗಳಲ್ಲಿ ತೋಟಗಾರಿಕೆ ಇಲಾಖೆಯ ನರ್ಸರಿ ಹುಡುಕಿ. ಹೋದಾಗ ಹೂವು ನೋಡಬೇಡಿ, ಬುಡ ನೋಡಿ. ಪೆನ್ಸಿಲ್‌ಗಿಂತ ದಪ್ಪ ಇರೋ ಎರಡು ಮೂರು ಕಡ್ಡಿ, ಗಂಟಿನ ಮೇಲಿಂದ ಹೊರಟ ಹೊಸ ಕೆಂಪು ಚಿಗುರು, ಎಲೆಯ ಅಡಿಯಲ್ಲಿ ಹುಳ ಇಲ್ಲದೆ ಇರೋದು, ಇಷ್ಟು ಸಾಕು. ಐದು ದೊಡ್ಡ ಹೂ ಬಿಟ್ಟು ನಿಂತಿರೋ ಸಣಕಲು ಗಿಡ ಬೇಡ. ಹೂ ಬಿಡೋದ್ರಲ್ಲೇ ಅದರ ಶಕ್ತಿಯೆಲ್ಲ ಖರ್ಚಾಗಿರುತ್ತೆ.

ಬಿಸಿಲು

ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು. ಇದರಲ್ಲಿ ಚೌಕಾಸಿ ಇಲ್ಲ. ಮೂರು ಗಂಟೆ ಬಿಸಿಲಲ್ಲಿ ಗುಲಾಬಿ ಬದುಕುತ್ತೆ, ಹೂ ಬಿಡಲ್ಲ.

ಕಾರಿಡಾರ್ ಅಥವಾ ಬಾಲ್ಕನಿಯಲ್ಲಿ ಇಡೋರು ಒಂದು ಲೆಕ್ಕ ನೋಡ್ಕೊಳ್ಳಿ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಉತ್ತರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ತಲೆಗಿಂತ ಉತ್ತರಕ್ಕಿರ್ತಾನೆ. ಡಿಸೆಂಬರ್‌ನಲ್ಲಿ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಇಳಿದಿರ್ತಾನೆ. ಅಂದ್ರೆ ಜನವರಿಯಲ್ಲಿ ಬಿಸಿಲು ಸುರಿಯೋ ದಕ್ಷಿಣದ ಬಾಲ್ಕನಿ ಜೂನ್‌ನಲ್ಲಿ ಪೂರ್ತಿ ನೆರಳು. ಗಿಡಕ್ಕೆ ರೋಗ ಬಂದಿಲ್ಲ, ಭೂಮಿ ತಿರುಗಿದೆ ಅಷ್ಟೇ. ಪೂರ್ವಕ್ಕೆ ಮುಖ ಮಾಡಿದ ಜಾಗ ಎಲ್ಲಕ್ಕಿಂತ ಒಳ್ಳೇದು. ಬೆಳಗಿನ ಬಿಸಿಲು ಎಲೆಯ ಮೇಲಿನ ಇಬ್ಬನಿಯನ್ನು ಬೇಗ ಒಣಗಿಸುತ್ತೆ, ಶಿಲೀಂಧ್ರಕ್ಕೆ ಸಮಯ ಸಿಗಲ್ಲ.

ಟೆರೇಸ್‌ನಲ್ಲಿ ಬಿಸಿಲಿಗೆ ಬರ ಇಲ್ಲ, ಅಲ್ಲಿ ಕಾಂಕ್ರೀಟಿನ ಶಾಖ ಸಮಸ್ಯೆ. ಕುಂಡವನ್ನು ನೇರವಾಗಿ ನೆಲದ ಮೇಲೆ ಇಡದೆ ಎರಡು ಇಟ್ಟಿಗೆ ಮೇಲೆ ಕೂರಿಸಿ. ಕೆಳಗಿನ ತೂತು ಮುಚ್ಚಿಹೋಗಲ್ಲ, ಗಾಳಿ ಆಡುತ್ತೆ, ಶಾಖ ಬೇರಿಗೆ ತಗಲಲ್ಲ. ಕಪ್ಪು ಪ್ಲಾಸ್ಟಿಕ್ ಕುಂಡ ಆದ್ರೆ ಹೊರಗಡೆ ಬಿಳಿ ಬಣ್ಣ ಬಳಿದುಬಿಡಿ. ತೂಕದ ಬಗ್ಗೆ ವಾರ್ಡನ್ ಸರ್ ಕೇಳ್ತಾನೇ ಇರ್ತಾರೆ, ಆದ್ದರಿಂದ ಸಿವಿಲ್‌ನ ಗೆಳೆಯರ ಕೈಲಿ ಲೆಕ್ಕ ಮಾಡಿಸಿದ್ದೀವಿ: ಹನ್ನೆರಡು ಇಂಚಿನ ಕುಂಡ ಒದ್ದೆಯಾದಾಗ ಹೆಚ್ಚೂಕಮ್ಮಿ 25 ಕೆಜಿ. ಜನ ಓಡಾಡುವ ಸೂರಿಗೆ ಐಎಸ್ 875 ಹೇಳೋ ಲೈವ್ ಲೋಡ್ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದ್ರೆ 150 ಕೆಜಿ ಆಸುಪಾಸು. ಚದರ ಮೀಟರಿಗೆ ಮೂರು ನಾಲ್ಕು ಕುಂಡ ಅಂತ ಹರಡಿ ಇಟ್ರೆ ಏನೂ ತೊಂದರೆ ಇಲ್ಲ. ಪ್ಯಾರಪೆಟ್ ಗೋಡೆ ಮೇಲೆ ಮಾತ್ರ ಯಾವತ್ತೂ ಇಡಬೇಡಿ. ಕೆಳಗೆ ಬೈಕ್ ಪಾರ್ಕಿಂಗ್ ಇದೆ, ಜನ ಓಡಾಡ್ತಾರೆ.

ಕುಂಡ ಮತ್ತು ಮಣ್ಣು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಪಾಠದ ಮುಖ್ಯ ಭಾಗ ಇದೇ.

ಪಾತ್ರೆ ತೊಳೆಯೋ ಸ್ಪಾಂಜ್ ಒಂದನ್ನು ನೀರಲ್ಲಿ ಅದ್ದಿ, ಅಂಗೈ ಮೇಲೆ ಅಡ್ಡಲಾಗಿ ಮಲಗಿಸಿ ಹಿಡಿಯಿರಿ. ಸ್ವಲ್ಪ ನೀರು ತೊಟ್ಟಿಕ್ಕಿ ನಿಲ್ಲುತ್ತೆ. ಈಗ ಹಿಂಡದೆ ಅದನ್ನೇ ನೆಟ್ಟಗೆ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತೆ! ಸ್ಪಾಂಜ್ ಅದೇ, ಗುರುತ್ವಾಕರ್ಷಣೆ ಅದೇ, ಎತ್ತರ ಮಾತ್ರ ಬದಲಾಯ್ತು. ಕುಂಡದಲ್ಲೂ ಹೀಗೇ. ಎಷ್ಟೇ ತೂತು ಇದ್ರೂ ತಳದಲ್ಲಿ ಒಂದು ಪದರದಷ್ಟು ಮಣ್ಣಲ್ಲಿ ನೀರು ತುಂಬಿಕೊಂಡೇ ಇರುತ್ತೆ, ಕ್ಯಾಪಿಲರಿ ಬಲ ಅದನ್ನು ಹಿಡಿದಿಡುತ್ತೆ. ಆ ಪದರದ ಎತ್ತರ ನಿರ್ಧಾರ ಆಗೋದು ಮಣ್ಣಿನ ಕಣದ ಗಾತ್ರದಿಂದ, ಕುಂಡದ ಎತ್ತರದಿಂದ ಅಲ್ಲ. ನುಣ್ಣನೆ ಜೇಡಿಮಣ್ಣಾದ್ರೆ ಆ ಪದರ ತುಂಬಾ ಎತ್ತರ, ಒರಟು ಮಿಶ್ರಣ ಆದ್ರೆ ಗಿಡ್ಡ. ಆಳ ಕಡಿಮೆ ಇರೋ ಅಗಲದ ತಟ್ಟೆಯಂಥ ಕುಂಡ ತಂದ್ರೆ ಅರ್ಧಕ್ಕರ್ಧ ಮಣ್ಣು ಯಾವಾಗ್ಲೂ ಕೆಸರು. ಅದಕ್ಕೇ ಗುಲಾಬಿಗೆ ಆಳದ ಕುಂಡ, ಒರಟು ಮಣ್ಣು.

ಇದರಿಂದ ಇನ್ನೊಂದು ವಿಷಯ ಹೊರಡುತ್ತೆ, ಹೇಳಿದ್ರೆ ನಮ್ಮ ಅಮ್ಮಂದಿರು ಕೂಡ ಒಪ್ಪಲ್ಲ. ಕುಂಡದ ತಳಕ್ಕೆ ಜಲ್ಲಿಕಲ್ಲು ಹಾಕಿದ್ರೆ ನೀರು ಚೆನ್ನಾಗಿ ಇಳಿಯುತ್ತೆ ಅನ್ನೋದು ಸರಿಯಲ್ಲ. ಸಣ್ಣ ಕಣಗಳ ಮಣ್ಣಿನಿಂದ ದೊಡ್ಡ ಸಂದುಗಳ ಜಲ್ಲಿಗೆ ನೀರು ಸುಲಭವಾಗಿ ಇಳಿಯಲ್ಲ, ಒದ್ದೆ ಪದರ ಜಲ್ಲಿಯ ಮೇಲೆ ಬಂದು ಕೂರುತ್ತೆ. ಅಂದ್ರೆ ಕೆಸರನ್ನು ಬೇರಿನ ಹತ್ತಿರಕ್ಕೆ ಎತ್ತಿ ಕೊಟ್ಟ ಹಾಗಾಯ್ತು. ತೂತಿನ ಮೇಲೆ ಮಣ್ಣು ಸೋರದ ಹಾಗೆ ಒಂದು ಹೆಂಚಿನ ಚೂರು ಅಥವಾ ಹಳೇ ಸೊಳ್ಳೆ ಪರದೆಯ ತುಂಡು ಸಾಕು.

ಕುಂಡ ದುಬಾರಿ ಬೇಕಿಲ್ಲ. ನಮ್ಮಲ್ಲಿ ಒಂಬತ್ತು ಗಿಡ ಇರೋದು 20 ಲೀಟರಿನ ಖಾಲಿ ಪೇಂಟ್ ಬಕೆಟ್‌ಗಳಲ್ಲಿ. ಚೆನ್ನಾಗಿ ತೊಳೆದು, ತಳಕ್ಕೆ ಆರು, ತಳದಿಂದ ಒಂದು ಇಂಚು ಮೇಲೆ ಸುತ್ತಲೂ ನಾಲ್ಕು ತೂತು ಹಾಕಿ. ಕಾದ ಸ್ಕ್ರೂಡ್ರೈವರ್ ಅಥವಾ ವರ್ಕ್‌ಶಾಪಿನ ಡ್ರಿಲ್, ಯಾವುದಾದ್ರೂ ಆಗುತ್ತೆ.

ಮಣ್ಣಿನ ಮಿಶ್ರಣಕ್ಕೆ ನಾವು ಬಳಸೋ ಲೆಕ್ಕ: ನಾಲ್ಕು ಬಾಂಡ್ಲಿ ಕೆಂಪು ಮಣ್ಣು, ಮೂರು ಬಾಂಡ್ಲಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಎರಡು ಬಾಂಡ್ಲಿ ದಪ್ಪ ಮರಳು, ಒಂದು ಬಾಂಡ್ಲಿ ತೆಂಗಿನ ನಾರಿನ ಪುಡಿ. ಕುಂಡಕ್ಕೆ ಒಂದೊಂದು ಹಿಡಿ ಬೇವಿನ ಹಿಂಡಿ. ಕ್ಯಾಂಪಸ್‌ನಲ್ಲಿ ಕಟ್ಟಡ ಕೆಲಸ ನಡೀತಿದ್ರೆ ಅಲ್ಲಿನ ಎಂ-ಸ್ಯಾಂಡ್ ಸಿಗುತ್ತೆ, ಆದರೆ ಅದರಲ್ಲಿ ಕಲ್ಲಿನ ಧೂಳು ತುಂಬಾ. ಎರಡು ಸಲ ತೊಳೆಯದೆ ಹಾಕಿದ್ರೆ ಆ ಧೂಳೇ ಸಂದುಗಳನ್ನು ಮುಚ್ಚುತ್ತೆ. ಮಿಶ್ರಣ ಸರಿ ಇದೆಯಾ ನೋಡೋಕೆ ಒದ್ದೆ ಮಾಡಿ ಮುಷ್ಟಿಯಲ್ಲಿ ಹಿಸುಕಿ, ಬೆರಳಲ್ಲಿ ತಟ್ಟಿ. ಉಂಡೆ ಒಡೆದು ಪುಡಿಯಾದ್ರೆ ಸರಿ. ರಾಗಿ ಮುದ್ದೆ ಥರ ನಿಂತ್ರೆ ಇನ್ನೂ ಮರಳು ಬೇಕು.

ನೆಡೋದು

ಗಿಡ ತಂದ ದಿನವೇ ಕುಂಡ ಬದಲಿಸೋ ಅವಸರ ಬೇಡ. ವಾರ ಹತ್ತು ದಿನ ಅದೇ ಕವರಿನಲ್ಲಿ ಬೆಳಕಿರೋ ನೆರಳಲ್ಲಿಟ್ಟು ನಮ್ಮ ಹವೆಗೆ ಹೊಂದಿಕೊಳ್ಳೋಕೆ ಬಿಡಿ. ಆಮೇಲೆ ಸಂಜೆ ಹೊತ್ತು ನೆಡಿ.

ಕವರ್ ಹರಿದಾಗ ಕೆಲವು ಗಿಡಗಳ ಬೇರಿನ ಸುತ್ತ ಕ್ರಿಕೆಟ್ ಬಾಲ್ ಥರ ಗಟ್ಟಿ ಜೇಡಿಮಣ್ಣಿನ ಉಂಡೆ ಇರುತ್ತೆ. ದೂರದ ಊರುಗಳಿಂದ ಲಾರಿಯಲ್ಲಿ ಬರೋ ಗಿಡಗಳನ್ನು ಹೀಗೆ ಕಟ್ಟಿರ್ತಾರೆ, ದಾರಿಯಲ್ಲಿ ಬೇರು ಒಣಗದಿರಲಿ ಅಂತ. ಪ್ರಯಾಣಕ್ಕೆ ಸರಿ, ಕುಂಡದಲ್ಲಿ ಅದೇ ಸಮಸ್ಯೆ. ಸುತ್ತಲಿನ ಒರಟು ಮಣ್ಣಿನ ಮಧ್ಯೆ ಆ ಉಂಡೆ ಒಮ್ಮೆ ಒದ್ದೆಯಾದರೆ ದಿನಗಟ್ಟಲೆ ಕೆಸರು, ಒಮ್ಮೆ ಒಣಗಿದರೆ ಕಲ್ಲು, ನೀರು ಒಳಗೇ ಹೋಗಲ್ಲ. ಉಂಡೆಯನ್ನು ಬಕೆಟ್ ನೀರಲ್ಲಿ ಅರ್ಧ ಗಂಟೆ ನೆನೆಸಿ, ಹೊರಗಿನ ಮಣ್ಣು ತಾನಾಗಿ ಕರಗಿದಷ್ಟನ್ನು ಮೆಲ್ಲಗೆ ಬಿಡಿಸಿ. ಬಿಳಿ ಬೇರು ಕಂಡ ಕೂಡಲೇ ನಿಲ್ಲಿಸಿ. ಪೂರ್ತಿ ತೊಳೆಯೋಕೆ ಹೋದ್ರೆ ಕೂದಲಿನಂಥ ಸಣ್ಣ ಬೇರು ಹರಿದುಹೋಗುತ್ತೆ, ನೀರು ಎಳೆಯೋದೇ ಅವು.

ಕಸಿ ಗಂಟು ಮಣ್ಣಿನ ಮೇಲೆ ಒಂದೆರಡು ಇಂಚು ಕಾಣೋ ಹಾಗಿರಲಿ. ಕುಂಡದ ಅಂಚಿಗೆ ಎರಡು ಇಂಚು ಬಿಟ್ಟು ಮಣ್ಣು ತುಂಬಿ, ಕೈಯಲ್ಲಿ ಹಗುರವಾಗಿ ಒತ್ತಿ, ತಳದಿಂದ ಸೋರುವವರೆಗೆ ನೀರು ಹಾಕಿ. ಐದು ದಿನ ನೆರಳು, ಆಮೇಲೆ ಬೆಳಗಿನ ಬಿಸಿಲು, ಎರಡನೇ ವಾರದಿಂದ ಪೂರ್ತಿ ಬಿಸಿಲು. ಮೊದಲ ತಿಂಗಳು ಗೊಬ್ಬರ ಬೇಡ. ಮೊದಲು ಬರೋ ಮೊಗ್ಗು ಚಿವುಟಿಹಾಕಿ. ಮನಸ್ಸು ಬರಲ್ಲ, ಗೊತ್ತು. ಆದರೆ ಗಿಡ ಆಗ ಬೇರು ಬಿಡಬೇಕು, ಹೂವಲ್ಲ.

ನೀರು, ಊಟ

ದಿನಕ್ಕೆ ಎಷ್ಟು ನೀರು ಅಂತ ಎಲ್ಲರೂ ಕೇಳ್ತಾರೆ. ಆ ಪ್ರಶ್ನೆಗೆ ಉತ್ತರ ಇಲ್ಲ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ಇಳಿಸಿ. ಒದ್ದೆ ತಾಗಿದ್ರೆ ವಾಪಸ್ ಬನ್ನಿ. ಒಣಗಿದ್ರೆ ತಳದಿಂದ ಸೋರುವಷ್ಟು ಹಾಕಿ. ಏಪ್ರಿಲ್‌ನ ಟೆರೇಸಲ್ಲಿ ದಿನಾ ಬೇಕಾಗಬಹುದು, ಜುಲೈನಲ್ಲಿ ನಾಲ್ಕು ದಿನಕ್ಕೊಮ್ಮೆ. ದಿನಾ ಒಂದೊಂದು ಲೋಟ ಚಿಮುಕಿಸೋದು ಎಲ್ಲಕ್ಕಿಂತ ಕೆಟ್ಟದ್ದು, ಮೇಲಿನ ಮಣ್ಣು ಮಾತ್ರ ಒದ್ದೆಯಾಗಿ ಬೇರು ಮೇಲೇ ಸುತ್ತಾಡುತ್ತೆ. ಬೆಳಿಗ್ಗೆ ಹಾಕಿ, ಮಣ್ಣಿಗೆ ಹಾಕಿ, ಎಲೆಗೆ ಬೇಡ.

ಆರ್ಡುಯಿನೊ ಜೊತೆ ತೇವಾಂಶದ ಸೆನ್ಸರ್ ಹಾಕಿ ಮಿನಿ ಪ್ರಾಜೆಕ್ಟ್ ಮಾಡ್ತೀವಿ ಅನ್ನೋರಿಗೆ ಸ್ವಾಗತ. ಎರಡು ಕಡ್ಡಿಯ ರೆಸಿಸ್ಟಿವ್ ಸೆನ್ಸರ್ ತರಬೇಡಿ, ಒದ್ದೆ ಮಣ್ಣಲ್ಲಿ ಕರೆಂಟ್ ಹರಿದು ಬೇಗ ತುಕ್ಕು ಹಿಡಿಯುತ್ತೆ. ಕೆಪ್ಯಾಸಿಟಿವ್ ತನ್ನಿ. ಮೇಲೆ ಒಣಗಿ ತಳ ಕೆಸರಾಗಿರೋ ಕುಂಡದಲ್ಲಿ ಸೆನ್ಸರ್ ಎಷ್ಟು ಆಳದಲ್ಲಿದೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ ಅನ್ನೋದೂ ನೆನಪಿರಲಿ. ಬೆರಳು ಫ್ರೀ, ಕ್ಯಾಲಿಬ್ರೇಶನ್ ಬೇಡ.

ಹಾಸ್ಟೆಲ್‌ನಲ್ಲಿ ಒಂದು ಅಪಾಯ ಇದೆ: ಕುಡಿಯೋ ನೀರಿನ ಆರ್‌ಒ ಮೆಷಿನ್ನಿಂದ ಹೊರಗೆ ಹರಿಯೋ ನೀರು. ವೇಸ್ಟ್ ಆಗ್ತಿದೆ, ಗಿಡಕ್ಕೆ ಹಾಕೋಣ ಅನ್ನಿಸುತ್ತೆ. ಆ ನೀರಲ್ಲಿ ಬೋರ್‌ವೆಲ್ಲಿನ ಲವಣ ಎಲ್ಲ ಇನ್ನೂ ಗಟ್ಟಿಯಾಗಿ ಸೇರಿರುತ್ತೆ. ನೆಲ ಒರೆಸೋಕೆ ಬಳಸಿ, ಗುಲಾಬಿಗೆ ಬೇಡ. ಬರೀ ಬೋರ್‌ವೆಲ್ ನೀರು ಹಾಕಿದ್ರೂ ನಿಧಾನವಾಗಿ ಮಣ್ಣು ಕ್ಷಾರೀಯ ಆಗುತ್ತೆ. ಗುಲಾಬಿಗೆ ಇಷ್ಟ ಆಗೋದು 6ರಿಂದ 6.5ರ ಪಿಎಚ್. ಮಳೆಗಾಲದಲ್ಲಿ ಕುಂಡಗಳು ಮಳೆಗೆ ನೆನೆಯಲಿ, ಸೇರಿದ ಉಪ್ಪು ತೊಳೆದುಹೋಗುತ್ತೆ. ಕುಂಡದ ಕೆಳಗೆ ತಟ್ಟೆ ಇಡಬೇಡಿ, ನಿಂತ ನೀರಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತೆ, ಆಮೇಲೆ ಇಡೀ ಹಾಸ್ಟೆಲ್ ನಮ್ಮನ್ನ ಬೈಯುತ್ತೆ.

ಗೊಬ್ಬರದ ವಿಷಯ ಬೇಗ ಮುಗಿಸ್ತೀವಿ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಅದರ ಜೊತೆ ಬೇಕಿದ್ರೆ 19:19:19 ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕರಗಿಸಿ ಹದಿನೈದು ದಿನಕ್ಕೊಮ್ಮೆ, ಅದೂ ಒದ್ದೆ ಮಣ್ಣಿಗೆ. ಜಾಸ್ತಿ ಹಾಕಿದ್ರೆ ಜಾಸ್ತಿ ಹೂವಲ್ಲ, ಆಸ್ಮಾಸಿಸ್‌ನಿಂದ ಬೇರಿನ ನೀರೇ ಹೊರಗೆ ಬಂದು ಎಲೆಯ ಅಂಚು ಸುಡುತ್ತೆ. ರೀಲ್ಸ್‌ನಲ್ಲಿ ಬರೋ ಮೊಟ್ಟೆ ಚಿಪ್ಪು ಕರಗೋಕೆ ತಿಂಗಳುಗಟ್ಟಲೆ ಬೇಕು. ಬಾಳೆಹಣ್ಣಿನ ಸಿಪ್ಪೆ ಹಾಗೇ ಹೂತರೆ ನೊಣ ಬರುತ್ತೆ. ಮೆಸ್ಸಿನ ಟೀ ಪುಡಿಯಲ್ಲಿ ಹಾಲು ಸಕ್ಕರೆ ಇರುತ್ತೆ, ತೊಳೆದು ಒಣಗಿಸಿ ಕಾಂಪೋಸ್ಟಿಗೆ ಹಾಕಿ. ಬೊಕೆಯ ಗುಲಾಬಿ ಕಡ್ಡಿಯನ್ನು ಆಲೂಗಡ್ಡೆಗೆ ಚುಚ್ಚಿ ಗಿಡ ಮಾಡೋ ವಿಡಿಯೋ ನೋಡಿ ಆಲೂಗಡ್ಡೆ ಹಾಳು ಮಾಡಬೇಡಿ, ಪಲ್ಯ ಮಾಡ್ಕೊಳ್ಳಿ.

ಕತ್ತರಿ ಹಿಡಿಯೋ ಧೈರ್ಯ

ಹೊಸಬರು ತುಂಬಾ ಹೆದರೋದು ಇದಕ್ಕೇ. ಆದರೆ ತರ್ಕ ಸರಳ. ಗುಲಾಬಿ ಹೂ ಬಿಡೋದು ಹೊಸ ಚಿಗುರಿನ ತುದಿಯಲ್ಲಿ. ತುದಿಯ ಮೊಳಕೆ ಆಕ್ಸಿನ್ ಅನ್ನೋ ಹಾರ್ಮೋನನ್ನು ಕೆಳಕ್ಕೆ ಕಳಿಸಿ, ಕೆಳಗಿನ ಕಣ್ಣುಗಳು ಚಿಗುರದ ಹಾಗೆ ತಡೆಹಿಡಿದಿರುತ್ತೆ. ತುದಿ ಕತ್ತರಿಸಿದ್ರೆ ಆ ತಡೆ ಹೋಗುತ್ತೆ, ಕೆಳಗಿನ ಕಣ್ಣು ಎದ್ದೇಳುತ್ತೆ. ಹೊಸ ಚಿಗುರು ಅಂದ್ರೆ ಹೊಸ ಹೂವು.

ಬಾಡಿದ ಹೂವನ್ನು ಹಾಗೇ ಬಿಟ್ಟರೆ ಗಿಡ ಕಾಯಿ ಕಟ್ಟೋಕೆ ಹೋಗುತ್ತೆ. ಹೂವಿನಿಂದ ಕೆಳಗೆ ಬಂದು ಐದು ಎಲೆಯ ಮೊದಲ ಗೊಂಚಲಿನ ಮೇಲೆ ಕತ್ತರಿಸಿ. ಇದು ವರ್ಷವಿಡೀ ಮಾಡೋ ಕೆಲಸ. ದೊಡ್ಡ ಸವರುವಿಕೆ ವರ್ಷಕ್ಕೆ ಒಂದೆರಡು ಸಲ: ಸತ್ತ ಕಡ್ಡಿ, ಒಂದಕ್ಕೊಂದು ಉಜ್ಜೋ ಕಡ್ಡಿ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ ತೆಗೆದು, ಉಳಿದಿದ್ದನ್ನು ಅರ್ಧಕ್ಕೆ ಇಳಿಸಿ. ಹೊರಕ್ಕೆ ಮುಖ ಮಾಡಿದ ಕಣ್ಣಿನ ಕಾಲು ಇಂಚು ಮೇಲೆ, ಕಣ್ಣಿನ ಕಡೆಯಿಂದ ಆಚೆಗೆ ಇಳಿಜಾರಾಗಿ ಕತ್ತರಿಸಿ. ಒಳಮುಖದ ಕಣ್ಣು ಬಿಟ್ಟರೆ ಚಿಗುರೆಲ್ಲ ಒಳಗೇ ತುಂಬಿ ಗಾಳಿ ಆಡಲ್ಲ. ಕತ್ತರಿ ಹರಿತವಾಗಿರಲಿ, ಡೆಟಾಲ್ ಅಥವಾ ಸ್ಪಿರಿಟ್‌ನಲ್ಲಿ ಒರೆಸಿ. ಕ್ರಾಫ್ಟ್ ಕತ್ತರಿ ಕಡ್ಡಿಯನ್ನು ಜಜ್ಜುತ್ತೆ, ಬೇಡ.

ಸವರಿದ ಮೇಲೆ ಹೂ ಬರೋಕೆ 45ರಿಂದ 50 ದಿನ. ನವೆಂಬರ್ 1ರಿಂದ ಹಿಂದಕ್ಕೆ ಎಣಿಸಿ, ಸೆಪ್ಟೆಂಬರ್ 12ರಿಂದ 17. ಹವೆ ನಮ್ಮ ಮಾತು ಕೇಳಲ್ಲ, ಆದ್ದರಿಂದ ಅರ್ಧ ಕುಂಡಗಳನ್ನು 12ಕ್ಕೆ, ಉಳಿದದ್ದನ್ನು 17ಕ್ಕೆ ಸವರೋ ಯೋಜನೆ ಇದೆ. ಫೆಬ್ರವರಿ 14ಕ್ಕೆ ಲೆಕ್ಕ ನೀವೇ ಹಾಕ್ಕೊಳ್ಳಿ, ಚಳಿಗಾಲದಲ್ಲಿ ಒಂದು ವಾರ ಹೆಚ್ಚಿಗೆ ಸೇರಿಸಿ.

ಎಲೆ ಓದೋದು

ಗಿಡ ಮಾತಾಡಲ್ಲ, ಎಲೆ ಮಾತಾಡುತ್ತೆ. ಕೆಳಗಿನ ಹಳೇ ಎಲೆ ಪೂರ್ತಿ ಹಳದಿಯಾದ್ರೆ ಸಾರಜನಕ ಕಮ್ಮಿ ಅಥವಾ ನೀರು ಜಾಸ್ತಿ. ಸಾರಜನಕವನ್ನು ಗಿಡ ಹಳೇ ಎಲೆಯಿಂದ ಕಿತ್ತು ಹೊಸದಕ್ಕೆ ಕೊಡಬಲ್ಲದು, ಅದಕ್ಕೇ ಹಳೇದು ಮೊದಲು ಸೋಲುತ್ತೆ. ಕಬ್ಬಿಣವನ್ನು ಹಾಗೆ ಸಾಗಿಸೋಕಾಗಲ್ಲ. ಹಾಗಾಗಿ ತುದಿಯ ಹೊಸ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದ್ರೆ ಅದು ಕಬ್ಬಿಣದ ಕೊರತೆ, ಗಡಸು ನೀರಿನ ಕೆಲಸ.

ಎಲೆ ಮೇಲೆ ಅಂಚು ಚದುರಿದ ಕಪ್ಪು ಚುಕ್ಕೆ, ಸುತ್ತ ಹಳದಿ, ಆಮೇಲೆ ಎಲೆ ಉದುರೋದು ಕಪ್ಪು ಚುಕ್ಕೆ ರೋಗ. ಈ ಶಿಲೀಂಧ್ರ ಮೊಳೆಯೋಕೆ ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು, ಸಂಜೆ ಎಲೆಗೆ ನೀರು ಬೇಡ ಅಂದಿದ್ದು ಅದಕ್ಕೆ. ಉದುರಿದ ಎಲೆ ಆರಿಸಿ ಡಸ್ಟ್‌ಬಿನ್‌ಗೆ ಹಾಕಿ, ಕುಂಡದಲ್ಲೇ ಬಿಡಬೇಡಿ. ಮಾರ್ಚ್-ಏಪ್ರಿಲ್‌ನಲ್ಲಿ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಂಡ್ರೆ ಕೆಂಪು ನುಸಿ. ಅದು ಕೀಟ ಅಲ್ಲ, ಜೇಡದ ಸಂಬಂಧಿ, ಸಾಮಾನ್ಯ ಕೀಟನಾಶಕಕ್ಕೆ ಜಗ್ಗಲ್ಲ. ಬೆಳಿಗ್ಗೆ ಹೊತ್ತು ಪೈಪ್ ಹಿಡಿದು ಎಲೆಯ ಅಡಿಗೆ ರಭಸವಾಗಿ ನೀರು ಹೊಡೀರಿ, ಎರಡು ದಿನಕ್ಕೊಮ್ಮೆ, ಬಿಸಿಲು ಬೇಗ ಒಣಗಿಸುತ್ತೆ. ಹೇನು, ಥ್ರಿಪ್ಸ್, ಹಿಟ್ಟು ತಿಗಣೆಗೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ನಾಲ್ಕು ಹನಿ ಪಾತ್ರೆ ಸೋಪು. ಇದೊಂದನ್ನು ಸಂಜೆ ಬಿಸಿಲು ಇಳಿದ ಮೇಲೆ ಸಿಂಪಡಿಸಿ, ಬಿಸಿಲಲ್ಲಿ ಎಣ್ಣೆ ಎಲೆ ಸುಡುತ್ತೆ.

ಎಲ್ಲಕ್ಕಿಂತ ಅವಸರದ್ದು ಕಡ್ಡಿ ತುದಿಯಿಂದ ಕಪ್ಪಾಗುತ್ತಾ ಕೆಳಗಿಳಿಯೋದು. ಇದು ಕಂಡ ದಿನವೇ ಕತ್ತರಿಸಿ. ಕಪ್ಪು ಮುಗಿದ ಜಾಗಕ್ಕಲ್ಲ, ಇನ್ನೂ ಕೆಳಗೆ, ಕತ್ತರಿಸಿದ ಮುಖದ ಮಧ್ಯದ ತಿರುಳು ಬೆಳ್ಳಗೆ ಕಾಣುವವರೆಗೆ. ಕಂದು ಕಂಡ್ರೆ ಇನ್ನೊಂದು ಇಂಚು. ಕತ್ತರಿಸಿದ ಮುಖಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಪೇಸ್ಟ್ ಹಚ್ಚಿ. ಸೆಮಿಸ್ಟರ್ ಎಕ್ಸಾಮ್ ಮುಗೀಲಿ ಆಮೇಲೆ ನೋಡೋಣ ಅಂದ್ರೆ ಅಷ್ಟರಲ್ಲಿ ಅದು ಕಸಿ ಗಂಟಿಗೆ ಇಳಿದಿರುತ್ತೆ. ಅಲ್ಲಿಗೆ ಬಂದ್ರೆ ಮುಗೀತು, ಉಳಿಯೋದು ಕಾಡು ಬೇರು ಮಾತ್ರ.

ರಜೆಯಲ್ಲಿ ಏನು ಮಾಡೋದು

ಕ್ಯಾಂಪಸ್ ಗಿಡಗಳ ನಿಜವಾದ ಪರೀಕ್ಷೆ ಸೆಮಿಸ್ಟರ್ ರಜೆ. ನಮ್ಮ ವ್ಯವಸ್ಥೆ ಇದು. ಊರಿಗೆ ಹೋಗೋ ಹಿಂದಿನ ದಿನ ಎಲ್ಲ ಹೂವು, ಮೊಗ್ಗು ತೆಗೀರಿ, ಎಲೆ ಕಡಿಮೆಯಾದಷ್ಟೂ ನೀರಿನ ಖರ್ಚು ಕಡಿಮೆ. ಕುಂಡಗಳನ್ನು ನೀರಿನ ಟ್ಯಾಂಕಿನ ಪೂರ್ವ ದಿಕ್ಕಿಗೆ ಒತ್ತೊತ್ತಾಗಿ ಸೇರಿಸಿ, ಬೆಳಗಿನ ಬಿಸಿಲು ಮಾತ್ರ ಸಿಗುತ್ತೆ. ಟ್ಯಾಂಕಿನ ಪಕ್ಕ ಈಗಾಗಲೇ ಭಾರ ಇದೆ, ಹಾಗಾಗಿ ಎರಡು ಸಾಲಿಗಿಂತ ಹೆಚ್ಚು ಬೇಡ. ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಅಥವಾ ತೆಂಗಿನ ನಾರು ಹೊದಿಸಿ. ಎರಡು ಕುಂಡದ ಮಧ್ಯೆ ಒಂದು ಮುಚ್ಚಳ ಇರೋ ಬಕೆಟ್ ನೀರು, ಮುಚ್ಚಳದ ತೂತಿನಿಂದ ದಪ್ಪ ಹತ್ತಿ ಹಗ್ಗ ಹೊರಟು ಕುಂಡದ ಮಣ್ಣಲ್ಲಿ ನಾಲ್ಕು ಇಂಚು ಹೂತಿರಬೇಕು. ಹಗ್ಗವನ್ನು ಮೊದಲೇ ಒದ್ದೆ ಮಾಡಿ. ಸ್ಪಾಂಜಿನಲ್ಲಿ ನೀರನ್ನು ಹಿಡಿದಿಟ್ಟ ಅದೇ ಕ್ಯಾಪಿಲರಿ ಬಲ ಇಲ್ಲಿ ನೀರನ್ನು ಎಳೆದು ತರುತ್ತೆ, ಮಣ್ಣು ಒಣಗಿದಷ್ಟು ಮಾತ್ರ. ನೈಲಾನ್ ಹಗ್ಗ ಕೆಲಸಕ್ಕೆ ಬರಲ್ಲ. ಒಂದು ವಾರಕ್ಕೆ ಇದು ಸಾಕು. ಅದಕ್ಕಿಂತ ಹೆಚ್ಚಾದ್ರೆ ಬೆಂಗಳೂರಿನಲ್ಲೇ ಮನೆ ಇರೋ ಇಬ್ಬರು ವಾರಕ್ಕೊಮ್ಮೆ ಬಂದು ಬಕೆಟ್ ತುಂಬಬೇಕು.

ಆ ಇಬ್ಬರ ಹೆಸರಿನ ಜಾಗ ಇನ್ನೂ ಖಾಲಿ ಇದೆ. ಟೆರೇಸ್ ಬಾಗಿಲಿನ ಪಕ್ಕ ಒಂದು ಚಾರ್ಟ್ ಅಂಟಿಸಿದ್ದೀವಿ, ಅದರಲ್ಲಿ 1ರಿಂದ 14ರವರೆಗೆ ಕುಂಡದ ನಂಬರ್ ಇದೆ. 3, 8 ಮತ್ತು 11 ಹಳದಿ ಗುಲಾಬಿ, ಅವಕ್ಕೆ ಸ್ವಲ್ಪ ತಾಳ್ಮೆ ಇರೋರು ಬೇಕು. ನಂಬರ್ ಮುಂದೆ ಹೆಸರು, ರೂಮ್ ಬರೆದು ಬನ್ನಿ. ಟೆರೇಸ್ ಕೀ ಸೆಕ್ಯುರಿಟಿ ಅಣ್ಣನ ಹತ್ತಿರ ಬೆಳಿಗ್ಗೆ ಆರೂವರೆಯಿಂದ ಸಿಗುತ್ತೆ.